ಬಾಗಿಲ ಬಳಿಯ ಜಾಗ

ಬ್ಯಾಡಗಿಯ ಒಬ್ಬ ಸಾವ್ಕಾರರ ಗೋದಾಮಿನಲ್ಲಿ ನಾನು ಬಹಳ ವರ್ಷ ಮೆಣಸಿನಕಾಯಿಯ ತುಂಬು ಬಿಡಿಸಿದೆ. ತುಂಬು ಅಂದರೆ ಕಾಯಿಯ ತೊಟ್ಟು. ನನ್ನ ಜೊತೆ ನೆಗೆಣ್ಣಿಯೂ ಬರುತ್ತಿದ್ದಳು, ನನ್ನ ಮೈದುನನ ಹೆಂಡತಿ. ಇಬ್ಬರ ಗಂಡಂದಿರೂ ಬೇಗ ಹೋದರು. ಅದರ ಮಾತು ಇಲ್ಲಿ ಬೇಡ.

ಅಲ್ಲಿ ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ನೆಲದ ಮೇಲೆ ಕಾಯಿಯ ರಾಶಿ ಸುರಿಯುತ್ತಿದ್ದರು. ಅದರ ಸುತ್ತ ನಾವು ಹೆಂಗಸರು ಕೂರುತ್ತಿದ್ದೆವು. ಬ್ಯಾಡಗಿಯವರು, ಅಗಡಿ ಕಡೆಯಿಂದ ಟಂಟಂ ಹತ್ತಿ ಬಂದವರು, ಎಲ್ಲ ಸೇರಿ ಒಂದು ಸುತ್ತು. ಸಂಜೆ ತೂಕವೂ ಸುತ್ತಿಗೆಲ್ಲ ಸೇರಿ ಒಂದೇ. ಬಂದ ಕೂಲಿಯನ್ನು ಸಮ ಹಂಚಿಕೊಳ್ಳುತ್ತಿದ್ದೆವು. ಘಾಟು ಎದ್ದಾಗ ಯಾರಿಗೆ ಕೆಮ್ಮು ಹತ್ತಿತೋ ಅವಳಿಗೆ ಬಾಗಿಲ ಬಳಿಯ ಜಾಗ. ಬಸುರಿಗೆ, ಮೊಲೆಯುಣ್ಣುವ ಕೂಸಿದ್ದವಳಿಗೆ ಅದೇ ಜಾಗ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೆಮ್ಮು ಕೇಳಿದರೆ ಬಾಗಿಲಲ್ಲಿ ಕೂತವಳು ಎದ್ದು ಒಳಗೆ ಬರುತ್ತಿದ್ದಳು, ಅಷ್ಟೆ. ನನ್ನ ನೆಗೆಣ್ಣಿಗೆ ದಮ್ಮಿನ ಬೇನೆ ಇತ್ತು. ವರ್ಷದ ಅರ್ಧ ಅವಳು ಬಾಗಿಲ ಬಳಿಯೇ ಕೂತಿರುತ್ತಿದ್ದಳು. ಒಬ್ಬರೂ ಒಂದು ಮಾತು ಆಡಿದ್ದಿಲ್ಲ.

ಆಮೇಲೆ ಸಾವ್ಕಾರರು ಗೋದಾಮನ್ನು ಒಂದು ಕಂಪನಿಗೆ ಕೊಟ್ಟರು. ರಾಣೆಬೆನ್ನೂರಿನಿಂದ ದಿನಾ ಬಸ್ಸಿಗೆ ಬರುವ ಮ್ಯಾನೇಜರ್ ಒಬ್ಬ ಬಂದ. ಚಿಕ್ಕ ವಯಸ್ಸಿನವನು, ಮಾತು ಮೆತ್ತಗೆ. ಕೆಟ್ಟವನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಂದ ಹೊಸತಿಗೆ ಗೋಡೆಗೆ ಒಂದು ಚಿತ್ರ ಅಂಟಿಸಿದ. ಮೇಲೊಂದು ಚೌಕ, ಅದರ ಕೆಳಗೆ ಎರಡು, ಅವುಗಳ ಕೆಳಗೆ ಇನ್ನಷ್ಟು. ಯಾರು ಯಾರ ಕೈಕೆಳಗೆ ಎಂದು ತೋರಿಸುವ ಚಿತ್ರವಂತೆ.

"ನಾವೆಲ್ಲದೇವ್ರಿ ಇದರಾಗ?" ಎಂದು ನಾನು ಕೇಳಿದೆ.

ಅವನು ಎಲ್ಲಕ್ಕಿಂತ ಕೆಳಗಿನ ಚೌಕ ತೋರಿಸಿದ.

"ಇಷ್ಟು ಮಂದಿ ಒಂದ ಡಬ್ಬ್ಯಾಗ ಹೆಂಗ ಹಿಡೀತೇವ್ರಿ? ಉಸರ ಕಟ್ಟತೈತಿ," ಎಂದಳು ನನ್ನ ನೆಗೆಣ್ಣಿ. ಹೆಂಗಸರೆಲ್ಲ ನಕ್ಕರು. ಅವನೂ ನಕ್ಕ.

ನಗು ಅಲ್ಲಿಗೇ ನಿಂತಿತು. ಮರುವಾರ ನೆಲಕ್ಕೆ ಸಾಲು ಸಾಲಾಗಿ ನಂಬರು ಬರೆಸಿದರು. ಒಂದು ನಂಬರಿಗೆ ಒಬ್ಬಳು, ಅವಳ ಮುಂದೆ ಅವಳದೇ ಬುಟ್ಟಿ, ಅವಳದೇ ತೂಕ. ಸುತ್ತು ಒಡೆಯಿತು. ನೆಗೆಣ್ಣಿಗೆ ಬಂದ ನಂಬರು ಹಿಂದಿನ ಮೂಲೆಯದು, ಜರಡಿ ಯಂತ್ರದ ಪಕ್ಕ. ಯಂತ್ರ ತಿರುಗಿದರೆ ಅಲ್ಲಿ ಕೆಂಪು ಧೂಳು ಮಂಜಿನಂತೆ ನಿಲ್ಲುತ್ತಿತ್ತು. ಎರಡೇ ದಿನದಲ್ಲಿ ಅವಳ ಎದೆ ಸಿಳ್ಳು ಹೊಡೆಯತೊಡಗಿತು.

ನಾನು ಮ್ಯಾನೇಜರನ ಹತ್ತಿರ ಹೋದೆ. "ಸಾಹೇಬ್ರ, ಆಕೀನ್ನ ಬಾಗಲಕ್ಕ ಕುಂದ್ರಸ್ರಿ. ಆಕಿಗೆ ದಮ್ಮೈತಿ."

"ನಂಬರ್ ಬದಲಿ ಮಾಡೂದು ನನ್ನ ಕೆಲಸ ಅಲ್ರಿ ಅಮ್ಮಾ. ಅದು ಸುಪರ್‌ವೈಸರ್ ಕೆಲಸ."

"ಅವರೆಲ್ಲದಾರ?"

"ಇನ್ನೂ ಯಾರೂ ಇಲ್ಲ. ನಿಮಗ ಸಹಿ ಮಾಡಾಕ ಬರತೈತೇನು? ಕಾಟಾದ ಮ್ಯಾಲಿನ ಅಂಕಿ ಓದ್ತೀರೇನು?"

ಸಹಿ ಬರುತ್ತಿತ್ತು. ಅಂಕಿಯೂ ಬರುತ್ತಿತ್ತು. ನನ್ನ ವಿದ್ಯೆ ಅಲ್ಲಿಗೆ ಮುಗಿಯುತ್ತದೆ. ಅವನಿಗೆ ಅಷ್ಟು ಸಾಕಾಗಿತ್ತು. ನಾನು ಒಪ್ಪಿಕೊಂಡದ್ದು ನೆಗೆಣ್ಣಿಯನ್ನು ಆ ಮೂಲೆಯಿಂದ ಎಬ್ಬಿಸುವುದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಮೈಮೇಲೆ ಹಾಕಿಕೊಳ್ಳಲು ಒಂದು ನೀಲಿ ಕೋಟು ಕೊಟ್ಟರು. ಇನ್ನು ಕೂರುವ ಹಾಗಿಲ್ಲ, ನಿಂತಿರಬೇಕು ಎಂದರು.

ಮರುದಿನ ಬೆಳಿಗ್ಗೆ ಅಗಡಿಯವಳನ್ನು ಬಾಗಿಲಿಂದ ಎಬ್ಬಿಸಿ ನೆಗೆಣ್ಣಿಯನ್ನು ಅಲ್ಲಿ ಕೂರಿಸಿದೆ. ಈ ಅಗಡಿಯವಳು ನಮ್ಮ ಸುತ್ತಿನವಳೇ. ಹಿಂದೆ ಎಷ್ಟೋ ಸಲ ಅವಳೇ ಎದ್ದು ನೆಗೆಣ್ಣಿಗೆ ಜಾಗ ಬಿಟ್ಟಿದ್ದಳು. ಅವತ್ತು ಬುಟ್ಟಿ ಎತ್ತಿಕೊಂಡು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ನೋಡ್ರೆ, ಕೋಟು ಹಾಕ್ಕೊಂಡು ಒಂದಿನಾ ಆಗಿಲ್ಲ. ತಮ್ಮ ಮನ್ಯಾರಿಗೆ ಬಾಗಲಾ, ನಮಗ ಮೂಲಿ!"

"ಆಕಿಗೆ ದಮ್ಮೈತಿ. ನಿನಗ ಗೊತ್ತಿಲ್ಲೇನ?"

"ನನಗ ಹೊಟ್ಟೀ ಐತಿ. ನಿನಗ ಗೊತ್ತಿಲ್ಲೇನ?"

ಅವಳ ಮಾತು ಸುಳ್ಳಲ್ಲ. ಬಾಗಿಲ ಬಳಿ ಗಾಳಿ ಇತ್ತು, ಕೈ ಲಗೂ ಓಡುತ್ತಿತ್ತು. ಕೈ ಓಡಿದರೆ ಅವಳ ತೂಕ ಅವಳಿಗೆ. ಸುತ್ತು ಇದ್ದಾಗ ಬಾಗಿಲು ಬಿಟ್ಟುಕೊಟ್ಟವಳು ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಈಗ ಕಳೆದುಕೊಳ್ಳುತ್ತಿದ್ದಳು. ಅದಕ್ಕೇ ಎಲ್ಲರಿಗೂ ಒಮ್ಮೆಲೇ ಬೇನೆ ಬಂದವು. ಒಬ್ಬಳಿಗೆ ತಲೆನೋವು, ಒಬ್ಬಳಿಗೆ ಕಣ್ಣುರಿ. ಎಲ್ಲರೂ ಮ್ಯಾನೇಜರನ ಬಾಗಿಲಿಗೆ ಹೋದರು.

ಅವನು ಯೋಚಿಸಿ ಒಂದು ನ್ಯಾಯ ಮಾಡಿದ. ವಾರಕ್ಕೊಬ್ಬರಂತೆ ಬಾಗಿಲಿಗೆ ಪಾಳಿ, ವಾರಕ್ಕೊಬ್ಬರಂತೆ ಮೂಲೆಗೂ ಪಾಳಿ. ಎಲ್ಲರಿಗೂ ಸಮ. ಹೆಂಗಸರು ತಲೆಯಾಡಿಸಿದರು. ನ್ಯಾಯದಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಆದರೆ ಕೆಮ್ಮು ಪಾಳಿ ನೋಡಿಕೊಂಡು ಬರುವುದಿಲ್ಲ.

ಹಾಗೆಂದು ಪಾಳಿ ಮುರಿಯುವ ಅಧಿಕಾರ ನನ್ನ ಕೈಯಿಂದ ಹೋಗಿರಲಿಲ್ಲ. ಮೂಲೆಯ ಮೊದಲ ಪಾಳಿ ನೆಗೆಣ್ಣಿಗೇ ಬಿತ್ತು. ಅವಳು ಸೆರಗನ್ನು ಮೂಗು-ಬಾಯಿಗೆ ಬಿಗಿದು ಕಟ್ಟಿಕೊಂಡು ಹೋಗಿ ಕೂತಳು. ಮಧ್ಯಾಹ್ನದೊಳಗೆ ಅವಳ ಕುತ್ತಿಗೆಯ ನರ ಎದ್ದು ನಿಂತವು. ನಾನು ಹೋಗಿ ಎದುರಿಗೆ ನಿಂತೆ.

"ಏಳ. ಬಾಗಲಕ್ಕ ನಡಿ."

"ಯಕ್ಕಾ, ಯಾರ ಹೇಳಾಕತ್ತಾರಿದು? ನೀನೋ, ನಿನ್ನ ಕೋಟೋ?"

"ಇಬ್ಬರೂ. ಏಳಂದ್ರ ಏಳ."

"ನಾ ಎದ್ದು ಅಲ್ಲಿಗೆ ಹೋದ್ರ ಇಷ್ಟೂ ಮಂದಿ ನನ್ನ ಬೆನ್ನ ನೋಡತಾರ. ಘಾಟು ತಡೀತೇನಿ, ಅದನ್ನ ತಡ್ಯಾಕ ಆಗೂದಿಲ್ಲ."

"ಸಾಯ್ತಿ ಹುಚ್ಚಿ."

"ಸತ್ತರ ನೀನ ನಿಂತು ಮಣ್ಣ ಮಾಡಸು. ಸುಪರ್‌ವೈಸರ್ ಅದೀಯಲ್ಲ."

ಅವಳನ್ನು ರಟ್ಟೆ ಹಿಡಿದು ಎಬ್ಬಿಸಬಹುದಿತ್ತು. ಎಬ್ಬಿಸಲಿಲ್ಲ. ಸುತ್ತಲಿನ ಕೈಗಳು ನಿಂತಿದ್ದವು, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಹಿಂದೆ ಆಗಿದ್ದರೆ ಅವರಲ್ಲಿ ನಾಲ್ವರು ಬಂದು ಅವಳನ್ನು ಬೈದು ಎಳೆದೊಯ್ಯುತ್ತಿದ್ದರು. ಅವತ್ತು ಒಬ್ಬಳೂ ಏಳಲಿಲ್ಲ. ಎಬ್ಬಿಸುವ ಕೆಲಸ ನನ್ನದಾಗಿತ್ತು.

ವಾರ ಮುಗಿಯುವುದರೊಳಗೆ ಅವಳನ್ನು ಹಾವೇರಿಯ ಆಸ್ಪತ್ರೆಗೆ ಸೇರಿಸಿದೆವು. ಮ್ಯಾನೇಜರ್ ತನ್ನೂರಿನ ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ಬಂದು ನೋಡಿ, ಎಳನೀರು ಕೊಟ್ಟು ಹೋದ. ಅವಳು ಬದುಕಿದಳು. ಡಾಕ್ಟರು ಮಾತ್ರ ಇನ್ನು ಮೆಣಸಿನಕಾಯಿಯ ಹತ್ತಿರ ಸುಳಿಯಬೇಡ ಎಂದುಬಿಟ್ಟರು. ಹಲಗೇರಿಯಲ್ಲಿದ್ದ ಮಗಳ ಮನೆಗೆ ಹೋದಳು. ಅಲ್ಲಿ ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಕೆಲಸ ಹಿಡಿದಳು.

ನಾನು ಕೋಟು ಬಿಡಲಿಲ್ಲ. ಬಿಟ್ಟಿದ್ದರೆ ಇನ್ನೊಬ್ಬಳು ಹಾಕಿಕೊಳ್ಳುತ್ತಿದ್ದಳು.

ಕೆಲವು ತಿಂಗಳ ಮೇಲೆ ಹಲಗೇರಿಗೆ ಹೋದೆ. ಅವಳು ಬಡಿಯುವ ಕೈ ನಿಲ್ಲಿಸದೆ ಕೇಳಿದಳು, "ಈ ವಾರ ಮೂಲ್ಯಾಗ ಯಾರ?"

"ಅಗಡ್ಯಾಕಿ ಸೊಸಿ. ಬಸರಿ ಅದಾಳ."

"ಕೆಮ್ಮಿದ್ಳೇನ?"

"ಕೆಮ್ಮಿದ್ಳು. ಎಬ್ಬಿಸಿ ಬಾಗಲಕ್ಕ ಕುಂದ್ರಸ್ದೆ."

"ಬಾಗಲ್ದಾಗ ಇದ್ದಾಕಿ ತಾನ ಎದ್ಳೇನ?"

"ಇಲ್ಲ. ಆಕೀನೂ ನಾನ ಎಬ್ಬಿಸ್ದೆ. ಮನೀ ಮುಟ್ಟೂತನಾ ಬೈದ್ಳು."

ನೆಗೆಣ್ಣಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.