ಗಂಟೆ ಬಾರಿಸಲಾಗಿದೆ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಕಂಪ್ಯೂಟರಿಗೆ ಗಂಟೆ ಬಾರಿಸಲು ಕಲಿಸಿದವಳು ನಾನು. ಒಳಗೆ ತಂಪು ಕಡಿಮೆಯಾದರೆ ನನ್ನ ಪ್ರೋಗ್ರಾಂ ಪ್ರಿಂಟರಿನ ತಂತಿ ಸಿಕ್ಕಿಸುವ ಪೋರ್ಟಿಗೆ ನೇರವಾಗಿ ಒಂದು ಅಂಕಿ ಬರೆಯುತ್ತಿತ್ತು. ಆ ತಂತಿಗೆ ಕಟ್ಟಿದ ಗಂಟೆ ಹೊಡೆದುಕೊಳ್ಳುತ್ತಿತ್ತು, ಪರದೆಯ ಮೇಲೆ ‘ಗಂಟೆ ಬಾರಿಸಲಾಗಿದೆ’ ಎಂದು ಮೂಡುತ್ತಿತ್ತು. ಪ್ರಿಂಟರಿಗೂ ಅದೇ ಪೋರ್ಟು ಬೇಕಲ್ಲ, ಹಾಗಾಗಿ ನಡುವೆ ತಿರುಗಿಸುವ ಸ್ವಿಚ್ಚಿನ ಡಬ್ಬಿ ಇಟ್ಟಿದ್ದರು: ಎಡಕ್ಕೆ ಗಂಟೆ, ಬಲಕ್ಕೆ ಪ್ರಿಂಟರು.

ದೀಪಾವಳಿ ಮುಗಿದ ಮೇಲೆ ಸ್ಟೋರೇಜಿನ ಮಾಲೀಕರಾದ ಸಾವುಕಾರರು ದೂರದ ನನ್ನ ಊರಿನಿಂದ ನನ್ನನ್ನು ಕರೆಸಿಕೊಂಡರು.

“ಮೆಣಸಿನಕಾಯಿ ಬಣ್ಣ ಹೋತ್ರಿ ಮೇಡಂ. ಗಂಟಿ ಹೊಡದೈತಿ, ಮಶೀನ್ ನೋಡ್ಕೊಳ್ಳೊ ಮಹಬೂಬಸಾಬ ಮಲಗಿದ್ದ. ಕೆಲಸದಿಂದ ತಗದೆ.”

“ಗಂಟೆ ಕೇಳಲಿಲ್ಲ ಅಂತಾರಾ ಅವರು?”

“ಆಣಿ ಮಾಡಿ ಹೇಳ್ತಾನ್ರಿ. ಆದ್ರ ಕಂಪ್ಯೂಟರ್ ಯಾಕ ಸುಳ್ಳ ಹೇಳ್ತೈತ್ರಿ?”

ಡಬ್ಬಿ ಹುಡುಕಿದೆ. ಬಾಡಿದ ಚೆಂಡು ಹೂವಿನ ಮಾಲೆಯಡಿ, ಕುಂಕುಮ ಹಚ್ಚಿಸಿಕೊಂಡು, ಸ್ವಿಚ್ಚು ಬಲಕ್ಕೆ ತಿರುಗಿ ಕೂತಿತ್ತು. ಲಕ್ಷ್ಮೀಪೂಜೆಗೆಂದು ಮೊದಲ ಬಿಲ್ಲು ಮುದ್ರಿಸಿದ್ದರಂತೆ. ಪೂಜೆಯಾದದ್ದನ್ನು ಕದಲಿಸಬಾರದೆಂದು ಹಾಗೇ ಬಿಟ್ಟಿದ್ದರು. ಪ್ರೋಗ್ರಾಂ ತಾನು ಬರೆಯುವುದನ್ನು ಬರೆದಿತ್ತು; ತಂತಿಯ ಅತ್ತ ತುದಿಯಲ್ಲಿ ಗಂಟೆಯಿದೆಯೋ ಪ್ರಿಂಟರಿದೆಯೋ ಅದಕ್ಕೆ ಕಾಣುವುದಿಲ್ಲ.

ಇದನ್ನು ತೋರಿಸಿದ ಮೇಲೆ ಸಾವುಕಾರರು ಅಂದೇ ನನ್ನನ್ನೂ ಕರೆದುಕೊಂಡು ಮಹಬೂಬಸಾಬರ ಮನೆಗೆ ಹೋದರು. “ತಪ್ಪಾತು ಮಾರಾಯ, ನಾಳಿಂದ ಬಾ.”

ಮಹಬೂಬಸಾಬರು ನಮಗೆ ಚಹಾ ಕೊಟ್ಟು, ಗೋಡೆಗೆ ಒರಗಿ ಕೂತರು. “ನನ್ನ ಮಾತು ಖರೇ ಅನ್ನಾಕ ಈ ಮೇಡಂ ಅಷ್ಟ ದೂರದಿಂದ ಬರಬೇಕಾತಲ್ರಿ ಸಾವುಕಾರ್ರ. ನಾ ಒಲ್ಲೆ.”

ಎಷ್ಟೋ ಊರುಗಳಲ್ಲಿ ಎಷ್ಟೋ ಜನರ ಜೊತೆ ವಾದಿಸಿ ಗೆದ್ದಿದ್ದೇನೆ. ಅಲ್ಲಿ ಚಹಾ ಕುಡಿದೆ, ಅಷ್ಟೇ.

ಊರಿಗೆ ಹೊರಡುವ ಮುನ್ನ ಸ್ಟೋರೇಜಿಗೆ ಹೋಗಿ ಪರದೆಯ ಸಾಲನ್ನು ‘ಗಂಟೆ ಬಾರಿಸಲು ಹೇಳಲಾಗಿದೆ’ ಎಂದು ತಿದ್ದಿದೆ. ಕಂಪ್ಯೂಟರಿಗೆ ಮೊದಲಿನಿಂದಲೂ ಗೊತ್ತಿದ್ದದ್ದು ಅಷ್ಟೇ.