ಶಾಮಿಯಾನದವನು ‘ಇಲ್ಲ’ ಅನ್ನಲು ಕಲಿತದ್ದು

ಮಳವಳ್ಳಿಯಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ. ಅಂಗಡಿ ಅಂದರೆ ಮುಂದೆ ಒಂದು ಮೇಜು, ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ತುಂಬ ಕಬ್ಬಿಣದ ಪೈಪು, ಮಡಚಿಟ್ಟ ಬಟ್ಟೆ, ಒಂದರ ಮೇಲೊಂದು ಪೇರಿಸಿದ ಕುರ್ಚಿ, ಮಸಿ ಹಿಡಿದ ಹಂಡೆ, ಕೊಳಗ. ಮದುವೆ, ನಾಮಕರಣ, ಬೀಗರೂಟ, ಸಾವು, ತಿಥಿ, ಯಾರ ಮನೆಯಲ್ಲಿ ಏನೇ ಆದರೂ ನೆರಳು ನನ್ನದು. ಸೊಂಟ ಕೈಕೊಟ್ಟು ವರ್ಷಗಳಾದವು. ಬೆಳಿಗ್ಗೆ ಎದ್ದರೆ ಮೊದಲು ಗೋಡೆ ಹಿಡಿದು ನಿಲ್ಲಬೇಕು, ದೇವರು ದಿಂಡರೆಲ್ಲ ಆಮೇಲೆ.

ಕೆಲವು ವರ್ಷಗಳ ಹಿಂದೆ ಮಂಡ್ಯದಲ್ಲಿ ಸಣ್ಣ ವ್ಯಾಪಾರಸ್ಥರಿಗೆ ಅಂತ ಒಂದು ತರಬೇತಿ ಇಟ್ಟಿದ್ದರು. ಇಸ್ತ್ರಿ ಮಾಡಿದ ಅಂಗಿಯ ಯುವಕನೊಬ್ಬ ಮೈಕು ಹಿಡಿದು, ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮ ದೌರ್ಬಲ್ಯ ಏನು ಅಂತ ಕೇಳಿದ. ಬೇಕರಿಯವನು ಬಂಡವಾಳ ಅಂದ. ಮೊಬೈಲ್ ರಿಪೇರಿಯವನು ಪೈಪೋಟಿ ಅಂದ. ನಾನು ಸೊಂಟ ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕು ಕೂತೆ. ನಿಜ ಹೇಳೋಕೆ ಅದು ಜಾಗವಾಗಿರಲಿಲ್ಲ.

ನಿಜವೇನೆಂದರೆ ನನಗೆ ಯಾರಿಗೂ ‘ಇಲ್ಲ’ ಅನ್ನೋಕೆ ಬರುತ್ತಿರಲಿಲ್ಲ. ನಮ್ಮ ಕಡೆಯವರ ಬಾಯಿ ಒರಟು ಅಂತ ಊರಿಗೆಲ್ಲ ಗೊತ್ತು. ಎದುರಿಗೇ ಆಗಲ್ಲ ಹೋಗಯ್ಯ ಅಂದುಬಿಟ್ಟು, ಮರುಕ್ಷಣ ಕಾಫಿ ಕುಡಿ ಬಾ ಅಂತ ಕರೆಯುವ ಜನ ನಾವು. ಆ ಬಾಯಿ ನನಗೊಬ್ಬನಿಗೆ ಬರಲಿಲ್ಲ. ಯಾರಾದರೂ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಇಂಥ ದಿನ ಸಾಮಾನು ಬೇಕಲ್ಲ ಅಂದರೆ ಸಾಕು, “ಆಯ್ತು, ನೋಡ್ಕತೀನಿ ಬುಡಿ” ಅಂದುಬಿಡುತ್ತಿದ್ದೆ. ಅದೇ ದಿನವನ್ನು ಇನ್ನಿಬ್ಬರಿಗೆ ಒಪ್ಪಿಕೊಂಡಿರುವುದು ಅವರು ಹೋದ ಮೇಲೆ ನೆನಪಾಗುತ್ತಿತ್ತು. ಇಲ್ಲ ಅಂದರೆ ಬಸ್ ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಅಂಗಡಿಗೆ ಹೋಗಿಬಿಡುತ್ತಾರೆ ಅನ್ನುವ ಭಯ ಒಂದು ಕಡೆ. ಇನ್ನೊಂದು ಕಡೆ, ಎದುರಿಗಿರುವವರ ಮುಖ ಸಪ್ಪಗಾಗುವುದನ್ನು ನೋಡಲಾರೆ. ಒಳ್ಳೆಯವನು ಅನ್ನಿಸಿಕೊಳ್ಳುವ ಚಟ. ಬೀಡಿ ಬಿಡಬಹುದು, ಇದನ್ನು ಬಿಡೋದು ಕಷ್ಟ.

ಆ ಚಟ ನನ್ನನ್ನು ಒಂದು ಭಾನುವಾರ ಬೀದಿಗೆ ತಂದಿತು. ಎರಡು ಮನೆಯ ಬೀಗರೂಟ ಒಪ್ಪಿಕೊಂಡಿದ್ದೆ. ಒಂದು ಬಂಡೂರಿನ ಕಡೆ, ಇನ್ನೊಂದು ಮಳವಳ್ಳಿಯಲ್ಲೇ. ಇದ್ದ ಕುರ್ಚಿ ಒಂದು ಮನೆಗೆ ಸರಿಹೋಗುತ್ತಿತ್ತು. ಅಲ್ಲಿ ಬೇಗ ಊಟ ಮುಗಿಸಿ ಇಲ್ಲಿಗೆ ಸಾಗಿಸೋಣ ಅಂತ ನನ್ನ ಲೆಕ್ಕ. ಬೀಗರೂಟ ಹೊತ್ತಿಗೆ ಸರಿಯಾಗಿ ಮುಗಿದದ್ದನ್ನು ಯಾರು ಕಂಡಿದ್ದಾರೆ? ಗಂಡಿನ ಕಡೆಯವರು ಬರುವ ಹೊತ್ತಿಗೇ ಬಿಸಿಲು ನೆತ್ತಿ ದಾಟಿತ್ತು. ಮಾಂಸ ಬೇಯುತ್ತಲೇ ಇತ್ತು. ಇತ್ತ ಮಳವಳ್ಳಿಯ ಮನೆಯಲ್ಲಿ ಬೀಗರೆಲ್ಲ ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಮುದ್ದೆ ಮುರಿಯುತ್ತಿದ್ದರು. ಮನೆಯ ಯಜಮಾನ ನನ್ನನ್ನು ಕಂಡವನೇ, “ಏನ್ಲಾ, ನಮ್ ಬೀಗ್ರು ಎಮ್ಮೆಗಳ ಥರ ನಿಂತ್ಕಂಡು ಉಣ್ಬೇಕೇನ್ಲಾ? ಆಗಾಕಿಲ್ಲ ಅಂತ ಆವತ್ತೇ ಬೊಗಳಕ್ಕೇನಾಗಿತ್ತು ನಿಂಗೆ?” ಅಂತ ಎಲ್ಲರ ಮುಂದೆ ಕೂಗಾಡಿದ. ತಲೆ ತಗ್ಗಿಸಿ ನಿಂತೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮನೆಗೆ ಬಂದು ಗೋಡೆಗೊರಗಿ ಕೂತೆ. ವಿಷಯ ನನಗಿಂತ ಮೊದಲೇ ಮನೆ ಸೇರಿತ್ತು. ಹೆಂಡತಿ ಬೈಯಲಿಲ್ಲ. ನೀರು ಕೊಟ್ಟು ಎದುರಿಗೆ ಕೂತು, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದಳು. “ಆವತ್ತು ಸಾಮಾನಿಲ್ಲ ಅಂತ ಏಳಿ. ಏಳ್ಬುಟ್ಟು ಬಾಯ್ ಮುಚ್ಕಳಿ. ಅದ್ರ ಮೇಲೆ ಇನ್ನೊಂದ್ ಮಾತು ಸೇರುಸ್ಬ್ಯಾಡಿ. ನೀವು ಸೇರ್ಸೋ ಮಾತ್ನಲ್ಲೇ ಒಪ್ಕಂಬುಡ್ತೀರಿ.”

ಅವಳು ಹೇಳಿದ್ದನ್ನು ಅಭ್ಯಾಸ ಮಾಡತೊಡಗಿದೆ. ನಗಬೇಡಿ, ನಿಜವಾಗಿಯೂ ಮಾಡಿದೆ. ಮದ್ದೂರಿನ ರಸ್ತೆಯಲ್ಲಿ ಬೈಕಿನ ಮೇಲೆ ಹೋಗುವಾಗ ಹೆಲ್ಮೆಟ್ಟಿನೊಳಗೆ ಒಬ್ಬನೇ ‘ಆವತ್ತು ಸಾಮಾನಿಲ್ಲ’ ಅಂದುಕೊಳ್ಳುತ್ತಿದ್ದೆ. ಕೆಲವು ದಿನಗಳ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಗೃಹಪ್ರವೇಶಕ್ಕೆ ಕೇಳಲು ಬಂದರು. ಕಣ್ಣು ಬೇರೆ ಕಡೆ ತಿರುಗಿಸಿ, ಆವತ್ತು ಸಾಮಾನಿಲ್ಲ ಸಾರ್ ಅಂದೆ. ಅವರು, “ಹೌದಾ, ಸರಿ ಬಿಡಿ” ಅಂತ ಕೊಡೆ ಹಿಡಿದು ಹೊರಟೇಹೋದರು. ಅಷ್ಟೇ. ನೆಲ ಬಿರಿಯಲಿಲ್ಲ, ಆಕಾಶ ಬೀಳಲಿಲ್ಲ. ಇಷ್ಟಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಸಾವಿನ ಮನೆಯವರಿಗೆ ಮಾತ್ರ ಇಲ್ಲ ಅನ್ನಬಾರದು ಅಂತ ನಾನೇ ಒಂದು ನಿಯಮ ಮಾಡಿಕೊಂಡೆ. ಹೆಣ ಬಿಸಿಲಲ್ಲಿ ಕಾಯಲಾರದು.

ಅದೇ ಹುರುಪಿನಲ್ಲಿದ್ದಾಗ ಅಕ್ಕನ ಫೋನು ಬಂತು.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಕಳೆ ಕೀಳಲು ಹೋದರೆ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು. ಗೆಜ್ಜಲಗೆರೆಯ ಆಚೆಯ ಒಂದು ಹಳ್ಳಿಗೆ ಕೊಟ್ಟಿದೆ, ಭಾವ ಅಲ್ಲೇ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅವಳಾಗಿ ನನ್ನನ್ನು ಏನನ್ನೂ ಕೇಳಿದವಳಲ್ಲ. ಆಗ ಅವಳ ದೊಡ್ಡ ಮಗಳ ಮದುವೆ ಗೊತ್ತಾಗಿತ್ತು. ಮದುವೆ ಮಂಡ್ಯದ ಛತ್ರದಲ್ಲಿ. ಆದರೆ ಛತ್ರ ಎಷ್ಟೇ ದೊಡ್ಡದಿರಲಿ, ನಮ್ಮಲ್ಲಿ ಮುಂಚೆ ಹೆಣ್ಣಿನ ಮನೆ ಮುಂದೆ ಹಸಿರು ಚಪ್ಪರ ಹಾಕಲೇಬೇಕು. ಅದರ ಮೊದಲ ಕಂಬ ನೆಡುವುದು ಹೆಣ್ಣಿನ ಸೋದರಮಾವ. ಸೊಪ್ಪು ಕಡಿದು ತರುವುದು, ಗುಂಡಿ ತೋಡುವುದು, ಗುಂಡಿಗೆ ಹಾಲು ತುಪ್ಪ ಬಿಟ್ಟು ಕಂಬ ನಿಲ್ಲಿಸುವುದು ಎಲ್ಲ ತವರಿನವರದ್ದು. ತವರಿನಲ್ಲಿ ಅಕ್ಕನಿಗೆ ಒಡಹುಟ್ಟಿದವನು ಅಂತ ಇದ್ದವನು ನಾನೊಬ್ಬನೇ.

“ಗುರುವಾರ ಚಪ್ಪರ ಕಣಪ್ಪ,” ಅಂದಳು. “ಬೆಳಿಗ್ಗೇನೆ ಬಂದ್ಬುಡು. ಕಂಬ ನೀನೇ ನೆಡ್ಬೇಕು.”

ನಾನು ಲಗೇಜ್ ಆಟೋಗೆ ಪೈಪು ತುಂಬಿಸುತ್ತಿದ್ದೆ. ಗುರುವಾರಕ್ಕೆ, ಈ ಅಭ್ಯಾಸಕ್ಕೆ ಮುಂಚೆಯೇ, ಮೂರು ಕಡೆ ಒಪ್ಪಿಕೊಂಡಿದ್ದೆ. ಅದರಲ್ಲೊಂದು ಊರಿನ ದೊಡ್ಡ ಕುಳದ ಮನೆಯದು. ಬಾಯಿಗೆ ಅಭ್ಯಾಸವಾಗಿತ್ತಲ್ಲ, ಸಲೀಸಾಗಿ ಬಂದುಬಿಟ್ಟಿತು. “ಆವತ್ತು ಆಗಲ್ಲ ಕಣಕ್ಕ. ನಮ್ಮ ಕೆಲಸದವ್ರನ್ನ ಕಳುಸ್ತೀನಿ. ಚಪ್ಪರ ಅವರೇ ನಿಲ್ಲುಸ್ತಾರೆ. ಹೊಸಾ ಬಟ್ಟೆನೇ ಕಳುಸ್ತೀನಿ, ಕಣ್ಣಿಗೆ ಹಬ್ಬ ಆಗೋ ಹಂಗೆ.”

“ಆಯ್ತು ಬುಡಪ್ಪ,” ಅಂದಳು.

ಸಂಜೆ ಹೆಂಡತಿಗೆ ಇದನ್ನು ಹೇಳಿದ್ದು ಶಭಾಷ್ ಅನ್ನಿಸಿಕೊಳ್ಳಲು. ಅವಳು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. “ಅಯ್ಯೋ ನಿಮ್ ಬುದ್ಧಿಗಿಷ್ಟು! ನಾನು ಏಳ್ಕೊಟ್ಟಿದ್ದು ಗಿರಾಕಿಗೆ ಕಣ್ರೀ. ಒಡುಟ್ಟಿದೋಳ್ಗಾ? ಕೂಲಿ ಆಳ್ ಕೈಲಿ ಸೋದರಮಾವನ ಕಂಬ ನೆಡುಸ್ತಾರಾ? ಈಗ್ಲೇ ಫೋನ್ ಮಾಡಿ ಬತ್ತೀನಿ ಅನ್ನಿ.”

ಮಾಡಬಹುದಿತ್ತು. ಮಾಡಿದ್ದರೆ ಆ ಮೂರು ಮನೆಯಲ್ಲಿ ಒಬ್ಬರಿಗೆ ಇಲ್ಲ ಅನ್ನಬೇಕಿತ್ತು. ಯಾರಿಗೆ ಅನ್ನಲಿ ಅಂತ ಗುರುವಾರದ ತನಕ ಯೋಚಿಸಿದೆ. ಅಕ್ಕ ನಮ್ಮವಳು, ಅರ್ಥ ಮಾಡಿಕೊಳ್ಳುತ್ತಾಳೆ ಅಂತ ಸಮಾಧಾನ ಹೇಳಿಕೊಂಡು, ದೊಡ್ಡ ಕುಳದ ಮನೆ ಮುಂದೆ ಹಗ್ಗ ಎಳೆಯುತ್ತಾ ನಿಂತೆ. ಸಂಜೆ ಅಕ್ಕನ ಮನೆಯಿಂದ ಕೆಲಸದವರು ವಾಪಸು ಬಂದರು. “ನಮ್ ಬಟ್ಟೆ ಇತ್ತಲಲ್ಲಿ ಅಡುಗೆ ಮಾಡೋ ಕಡೆ ಆಕುಸುದ್ರು ಕಣಣ್ಣ. ಮುಂದ್ಗಡೆ ಸೊಪ್ಪಿನ್ ಚಪ್ಪರ. ಅದ್ಯಾರೋ ಮದ್ದೂರಿನ ನಿಮ್ ದೊಡ್ಡಪ್ಪನ ಮಗನಂತೆ, ಅವ್ರು ನೆಟ್ರು. ನಮ್ಗೆ ಒಳ್ಳೆ ಊಟ ಆಕುದ್ರು,” ಅಂದರು.

ಮದುವೆಗೆ ಹೋದೆ. ಅಕ್ಕ ಮುಖ ತಿರುಗಿಸಲಿಲ್ಲ. ನಾವು ಉಡುಗೊರೆ ಕೊಟ್ಟ ಸೀರೆ ಚೆನ್ನಾಗೈತೆ ಅಂದಳು, ಊಟ ಮಾಡಿದ್ಯಾ ಅಂತ ಎರಡು ಸಲ ಕೇಳಿದಳು. ಜಗಳ ಆಡಿದ್ದರೆ ವಾಸಿಯಿತ್ತು. ಜಗಳಕ್ಕೆ ಮದ್ದಿದೆ, ಕಾಲು ಹಿಡಿದಾದರೂ ಸರಿಮಾಡಬಹುದು. ಆಮೇಲಾಮೇಲೆ ಫೋನಿನಲ್ಲಿ ಅವಳ ಮಾತು ಬದಲಾಯಿತು. ಹಬ್ಬಕ್ಕೆ ಕರೆದರೂ ಮೊದಲೇ, ಬಿಡುವಿದ್ದರೆ ಮಾತ್ರ ಬಾ ಅನ್ನುತ್ತಿದ್ದಳು. ಆ ‘ಮಾತ್ರ’ ಅನ್ನುವುದು ನನ್ನನ್ನು ತಿನ್ನುತ್ತಿತ್ತು.

ಅಲ್ಲಿಂದ ನಾನು ಕಲಿಯಬೇಕಾದ್ದನ್ನು ನಿಜವಾಗಿ ಕಲಿತದ್ದು. ಇಲ್ಲ ಅನ್ನಲು ಬರದವನಲ್ಲ ನಾನು. ನನ್ನನ್ನು ಬಿಟ್ಟುಹೋಗದವರಿಗೆ ಇಲ್ಲ ಅಂದು, ಬಿಟ್ಟುಹೋದರೂ ಪರವಾಗಿಲ್ಲದವರಿಗೆ ಹೂಂ ಅನ್ನುತ್ತಿದ್ದೆ. ಹೆಂಡತಿಗೆ, ಮಕ್ಕಳಿಗೆ, ನನ್ನ ಸೊಂಟಕ್ಕೆ ಇಷ್ಟು ವರ್ಷ ಬರೀ ಇಲ್ಲವನ್ನೇ ಹೇಳಿದ್ದೆ. ಈಗ ದಿನಕ್ಕೊಂದೇ ಮನೆ ಒಪ್ಪಿಕೊಳ್ಳುತ್ತೇನೆ. ಕೆಲವು ಗಿರಾಕಿಗಳು ನಾನು ಹೆದರಿದ ಹಾಗೇ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋದರು, ವಾಪಸು ಬರಲಿಲ್ಲ. ವ್ಯಾಪಾರ ಸಣ್ಣದಾಗಿದೆ. ದೌರ್ಬಲ್ಯ ಗೆದ್ದರೆ ಏನೋ ದೊಡ್ಡ ಸುಖ ಸಿಗುತ್ತದೆ ಅಂತ ಆ ತರಬೇತಿಯ ಯುವಕ ಹೇಳುತ್ತಿದ್ದ. ನನಗೆ ಸಿಕ್ಕಿದ್ದು ನಿದ್ದೆ. ಅದೂ ಕಡಿಮೆಯೇನಲ್ಲ, ಆದರೆ ದಣಿವು ಹಾಗೇ ಇದೆ.

ಈ ವರ್ಷ ಅಕ್ಕನ ಎರಡನೇ ಮಗಳ ಮದುವೆ ಗೊತ್ತಾಯಿತು. ಚಪ್ಪರ ಮತ್ತೆ ಗುರುವಾರವೇ. ದಿನ ಗೊತ್ತಾದ ಕೂಡಲೇ, ಅವತ್ತಿಗೆ ಕೇಳಿಕೊಂಡು ಬಂದವರಿಗೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಅಂದೆ. ಆ ದೊಡ್ಡ ಕುಳದ ಮನೆಯವರಿಗೂ ಅಂದೆ. ಅಕ್ಕ ಫೋನು ಮಾಡುವ ತನಕ ಕಾಯುವುದು ಬೇಡ, ನಾನೇ ಹೋಗಿ ಹೇಳುತ್ತೇನೆ ಅಂತ ಬೈಕು ಹತ್ತಿದೆ. ದಾರಿಯುದ್ದಕ್ಕೂ ಎಷ್ಟೋ ವರ್ಷದಿಂದ ಆಗದಷ್ಟು ಖುಷಿಯಾಗಿತ್ತು.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ. “ಗುರುವಾರ ಅಂಗಡಿ ಬಾಗಿಲು ಹಾಕ್ತಿದ್ದೀನಿ ಅಕ್ಕ. ಬೆಳಿಗ್ಗೇನೆ ಬತ್ತೀನಿ. ಕಂಬ ನಾನು ನೆಡ್ತೀನಿ.”

“ಆಗಾಕಿಲ್ಲ ಕಣಪ್ಪ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಲಿಯುತ್ತಿದ್ದ ಕೈಯೂ ನಿಲ್ಲಲಿಲ್ಲ. “ಮದ್ದೂರಿನವನ್ಗೆ ಏಳ್ಬುಟ್ಟಿವ್ನಿ. ಆವತ್ತು ಕೂಗಿದ ತಕ್ಷಣ ಕೆಲ್ಸ ಬುಟ್ಟು ಬಂದು ನಿಂತವ್ನು ಅವ್ನು. ಈಗ ನಿಂಗೆ ಬಿಡುವಾಯ್ತು ಅಂತ ಅವನ್ನ ಬ್ಯಾಡ ಅನ್ನಕಾಯ್ತದಾ?”

ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ಅತ್ತಿತ್ತ ಮಾಡುವ ಹಾಗಿರಲಿಲ್ಲ. ಬುಟ್ಟಿಗೆ ಕೈ ಹಾಕಿ ನಾನೂ ನಾಲ್ಕು ಕಾಯಿ ಸುಲಿದೆ. ಆಮೇಲೆ, “ಸೊಪ್ಪು ಕಡಿಯೋಕಾದ್ರೂ ಬರ್ಲಾ?” ಅಂತ ಕೇಳಿದೆ.

“ಬಾ, ಬ್ಯಾಡ ಅಂದೋರ್ಯಾರು?” ಅಂದಳು. “ನೆಂಟ್ರೆಲ್ಲ ಬತ್ತಾವ್ರೆ.”

ಆ ಗುರುವಾರ ಇನ್ನೂ ಬಂದಿಲ್ಲ. ಅವತ್ತಿಗೆ ಅಂತ ಯಾವ ಮನೆಯನ್ನೂ ನಾನು ಒಪ್ಪಿಕೊಂಡಿಲ್ಲ. ಹೋಗುತ್ತೇನೆ, ಹೋಗಿ ನೆಂಟರ ಜೊತೆ ನಿಂತುಕೊಳ್ಳುತ್ತೇನೆ.