ಔಷಧಿ ಮನೆಯ ಮೊಮ್ಮಗ

ಮೊನ್ನೆ ನನ್ನ ಹಿಟ್ಟಿನ ಗಿರಣಿಯ ಹಿಂದಿನ ಗೋಡೆಗೆ ಹಬ್ಬಿದ್ದ ಬಳ್ಳಿಯನ್ನು ಕಿತ್ತು ಹಾಕಿದೆ. ಕೈಗೆ ಅಂಟಿದ ಹಸಿ, ಕಹಿ ವಾಸನೆ ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಎದುರು ಮನೆಯ ಹುಡುಗ ನೆನಪಾದ...

ಚಾಮರಾಜಪೇಟೆಯಲ್ಲಿ ಆ ಮನೆಗೆ ನಾಯಿ ಕಡಿತದ ಔಷಧಿ ಮನೆ ಎಂದೇ ಹೆಸರಿತ್ತು. ಕಚ್ಚಿಸಿಕೊಂಡವರು ಕಲಾಸಿಪಾಳ್ಯದಿಂದ, ಮಾರ್ಕೆಟ್ಟಿನಿಂದ ಬರಿ ಹೊಟ್ಟೆಯಲ್ಲಿ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಹುಡುಗನ ತಾತ ಸೊಪ್ಪು ಅರೆದು ಕೊಡುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ; ಒಂದು ತೆಂಗಿನಕಾಯಿ, ಎಲೆ ಅಡಿಕೆ ಅಷ್ಟೇ. ಪಥ್ಯ ಮಾತ್ರ ಕಟ್ಟುನಿಟ್ಟು. ಉಪ್ಪು, ಎಣ್ಣೆ ಕೂಡದು. ಮೈಗೆ ಸೂಜಿಯಂತೂ ತಾಗಲೇಕೂಡದು. ತಾಗಿದರೆ ಸೊಪ್ಪಿನ ಗುಣ ಸಾಯುತ್ತದೆ ಎನ್ನುತ್ತಿದ್ದರು.

ಆ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ಆ ಹುಡುಗ. ಬಿ.ಎಸ್ಸಿ. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಗಿರಣಿಯಲ್ಲಿ ದುಡಿದು, ಕೊನೆಗೆ ಅದೇ ಗಿರಣಿಯನ್ನು ಕೊಂಡವನು; ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೂ ಅವನು ಪುಸ್ತಕ ಹಿಡಿದು ಹೋಗುವುದನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ರಾಗಿ ಡಬ್ಬ ಇಟ್ಟು, "ನುಣ್ಣಗೆ ಬೀಸಿ ಅಂಕಲ್. ಹೋದ್ಸಲ ರವೆ ಮಾಡ್ಬಿಟ್ಟಿದ್ರಿ" ಎಂದು ಕಾಲೆಳೆಯುತ್ತಿದ್ದ.

ಒಂದು ದಿನ ಬೀದಿ ನಾಯಿ ಅವನಿಗೇ ಕಚ್ಚಿತು. ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ ಮೊದಲ ಇಂಜೆಕ್ಷನ್ ಹಾಕಿಸಿಕೊಂಡ. ಸಾಲಿನಲ್ಲಿದ್ದ ಯಾರೋ ಗುರುತು ಹಿಡಿದರು. ಮರುದಿನ ಜಗಲಿಯ ಮೇಲಿದ್ದವರು, "ನಿಮ್ಮ ಮೊಮ್ಮಗನೇ ಸೂಜಿಗೆ ಹೋದ್ನಂತಲ್ಲ ಯಜಮಾನ್ರೇ" ಎಂದು ಎದ್ದು ಹೋದರು. ತಾತ ಊಟ ಬಿಟ್ಟರು.

ಮುಂದಿನ ಇಂಜೆಕ್ಷನ್ನಿನ ದಿನ ಹುಡುಗ ಗಿರಣಿಗೆ ಬಂದ. ಬಾಯಲ್ಲಿ ತಾತನ ಸೊಪ್ಪಿನ ಅದೇ ಹಸಿ, ಕಹಿ ವಾಸನೆ.

"ಸ್ಕೂಟರ್ ತೆಗೀತೀನಿ, ಹತ್ಕೋ. ಹಾಕಿಸ್ಕೊಂಡು ಬಂದ್ಬಿಡೋಣ" ಎಂದೆ.

"ಬೇಡ ಅಂಕಲ್. ನಾನು ಹೋದ್ರೆ ತಾತ ಅನ್ನ ಮುಟ್ಟಲ್ಲ."

"ಓದಿರೋನು ನೀನು. ಆರನೇ ಕ್ಲಾಸಿನೋನು ನಿಂಗೆ ಹೇಳ್ಬೇಕೇನೋ?"

"ಓದಿದ್ದಕ್ಕೇ ಅಂಕಲ್, ಒಂದಾದ್ರೂ ಹಾಕಿಸ್ಕೊಂಡಿದ್ದು" ಎಂದು ನಕ್ಕ.

ರಟ್ಟೆ ಹಿಡಿದು ಎಳೆದೆ. ಬಿಡಿಸಿಕೊಂಡು ಮನೆಗೆ ಹೋದ.

ಕೆಲವು ವಾರ ಏನೂ ಆಗಲಿಲ್ಲ. ತಾತನ ಸೊಪ್ಪೇ ಗೆದ್ದಿತು ಎಂದು ಬೀದಿಯೆಲ್ಲ ಅಂದುಕೊಂಡಿತು. ಆಮೇಲೆ ನೀರಿನ ಲೋಟ ಕಂಡರೆ ಅವನು ಬೆಚ್ಚತೊಡಗಿದ... ಅದನ್ನು ಬರೆಯಲಾರೆ. ಆಸ್ಪತ್ರೆಯಿಂದ ಜೀವಂತವಾಗಿ ಬರಲಿಲ್ಲ.

ಹೆಣದ ಮುಂದೆ ತಾತ, "ಆ ಒಂದು ಸೂಜಿ ನನ್ನ ಸೊಪ್ಪನ್ನ ಸಾಯಿಸ್ತು" ಎಂದು ಎದೆ ಬಡಿದುಕೊಂಡರು. ಮನೆಯವರೆಲ್ಲ ಅದನ್ನೇ ನಂಬಿದರು.

ತಾತ ಈಗಿಲ್ಲ. ಜಗಲಿಯೂ ಖಾಲಿ. ಹುಡುಗನ ತಂಗಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹೋದ ವಾರ ತವರಿಗೆ ಬಂದವಳು ಮಗುವನ್ನೆತ್ತಿಕೊಂಡು ರಾಗಿ ಸರಿ ಹಿಟ್ಟು ಮಾಡಿಸಲು ಬಂದಿದ್ದಳು. ಮಗುವಿನ ಕೆನ್ನೆ ಸವರಿ, "ಲಸಿಕೆ ಎಲ್ಲ ಹಾಕಿಸ್ತಿದೀಯೇನಮ್ಮ?" ಎಂದೆ.

"ನಮ್ಮನೆಗೆ ಸೂಜಿ ಆಗ್ಬರಲ್ಲ ಅಂಕಲ್. ನಮ್ಮಣ್ಣನ್ನ ನೀವೇ ನೋಡಿದ್ರಲ್ಲ."

"ಸೂಜಿಯಿಂದಲ್ಲ ಕಣಮ್ಮ, ಅರ್ಧಕ್ಕೇ ಬಿಟ್ಟಿದ್ದರಿಂದ."

ಮೆಷಿನ್ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಅದನ್ನು ನಿಲ್ಲಿಸಿ ಮತ್ತೆ ಹೇಳಿದೆ. ಕೇಳಿಸಿತ್ತು. ಬಿಸಿ ಹಿಟ್ಟಿನ ಡಬ್ಬ ತೆಗೆದುಕೊಂಡು, ಮಗುವಿನ ತಲೆ ಮೇಲೆ ಸೆರಗು ಎಳೆದು ಹೊರಟುಹೋದಳು. ಅವಳ ಹೆಗಲ ಮೇಲಿಂದ ಮಗು ನನ್ನನ್ನೇ ನೋಡುತ್ತಿತ್ತು. ಆ ಹುಬ್ಬು, ಆ ಮೂಗು, ಎಲ್ಲ ಸೋದರಮಾವನದೇ...